ಇಎಸ್‌ಐ ಬಿಲ್‌ನ ದರ ಯಾರು ಹಾಕ್ತಾರೆ?

ಪ್ರಶ್ನೆ: ಪೀಣ್ಯದ ಫ್ಯಾಕ್ಟರಿಯಲ್ಲಿ ಪ್ರೆಸ್ ಮಷಿನ್‌ಗೆ ಸಿಕ್ಕಿ ತಮ್ಮನ ಬೆರಳು ಜಜ್ಜಿ ಹೋಯಿತು. ಇಎಸ್‌ಐನವರು (ಕಾರ್ಮಿಕರ ಸರ್ಕಾರಿ ವಿಮಾ ಯೋಜನೆ) ಖಾಸಗಿ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ನೋಡಿದ್ರೆ ‘ಇಎಸ್‌ಐ ಕೊಡೋ ದುಡ್ಡು ಸಾಲಲ್ಲ, ಉಳಿದದ್ದು ನೀವು ಕಟ್ಟಿ’ ಅಂತಾರೆ. ಕಟ್ಟಬೇಕಾ?

ಕಟ್ಟಬೇಕಾಗಿಲ್ಲ. ಇಎಸ್‌ಐ ಬರೆದುಕೊಡೋದು ಟೈ-ಅಪ್ ಆಸ್ಪತ್ರೆಗೆ, ಅಂದರೆ ಇಎಸ್‌ಐ ದರಕ್ಕೆ ಮೊದಲೇ ಒಪ್ಪಿ ಸಹಿ ಹಾಕಿದ ಆಸ್ಪತ್ರೆಗೆ. ದರ ಸಾಲದಿದ್ದರೆ ಅದು ಅವರಿಗೂ ಇಎಸ್‌ಐಗೂ ಬಿಟ್ಟ ವಿಷಯ. ರೋಗಿಯ ಜೇಬಿಗೆ ಕೈ ಹಾಕುವಂತಿಲ್ಲ.

ಆದರೆ ಆ ದರ ಇಎಸ್‌ಐನ ಸ್ವಂತದ್ದಲ್ಲ. ಕೇಂದ್ರ ಸರ್ಕಾರಿ ನೌಕರರಿಗಾಗಿ ಇರುವ ಸಿಜಿಎಚ್‌ಎಸ್ ಯೋಜನೆಯ ಪಟ್ಟಿಯನ್ನೇ ಇದು ಎರವಲು ತಂದುಕೊಂಡಿದೆ. ಆ ಪಟ್ಟಿ 2014ರ ನಂತರ ದೊಡ್ಡ ಮಟ್ಟದಲ್ಲಿ ಬದಲಾಗಿದ್ದು 2025ರ ಅಕ್ಟೋಬರ್‌ನಲ್ಲಿ. ನಡುವೆ ಆಗಿದ್ದು ಸಣ್ಣಪುಟ್ಟ ತಿದ್ದುಪಡಿ ಅಷ್ಟೇ. ಅಲ್ಲಿವರೆಗೂ ಹತ್ತು ವರ್ಷ ಹಳೆಯ ದರಕ್ಕೆ ಆಪರೇಷನ್ ಮಾಡಿ ಅಂದರೆ ಆಸ್ಪತ್ರೆಯವರು ಗೊಣಗದೆ ಇರ್ತಿದ್ರಾ? ಅವರ ಗೊಣಗಾಟ ನ್ಯಾಯವೇ, ಅದನ್ನು ನಿಮ್ಮ ಮೇಲೆ ತೀರಿಸಿಕೊಳ್ಳೋದು ಮಾತ್ರ ತಪ್ಪು.

ಹೊಸ ಪಟ್ಟಿಯ ಲೆಕ್ಕ ಹೀಗಿದೆ. ಬೆಂಗಳೂರಿನಂಥ ದೊಡ್ಡ ನಗರದಲ್ಲಿ, ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗೆ ಒಂದು ಚಿಕಿತ್ಸೆಗೆ 10,000 ರೂಪಾಯಿ ಇದೆ ಅಂದುಕೊಳ್ಳಿ. ಮಾನ್ಯತೆ ಇಲ್ಲದ ಆಸ್ಪತ್ರೆಗೆ ಶೇ 15 ಕಡಿಮೆ, ಅಂದರೆ 8,500. ಮೈಸೂರಿನ ಮಾನ್ಯತೆ ಇರುವ ಆಸ್ಪತ್ರೆಗೆ ಶೇ 10 ಕಡಿಮೆ, 9,000. ಇನ್ನೂ ಚಿಕ್ಕ ಊರಾದರೆ ಶೇ 20 ಕಡಿತ. ಜನರಲ್ ವಾರ್ಡ್‌ಗೆ ಇನ್ನೊಂದು ಶೇ 5 ಹೋಗುತ್ತದೆ.

ಆಪರೇಷನ್‌ಗೆ ಇರುವುದು ಪ್ಯಾಕೇಜ್ ದರ. ಬೆಡ್, ಊಟ, ಸರ್ಜನ್ ಫೀ, ಅನಸ್ತೇಷಿಯಾ, ಆಪರೇಷನ್ ಥಿಯೇಟರ್, ಔಷಧಿ, ಡ್ರೆಸಿಂಗ್ ಎಲ್ಲ ಅದರೊಳಗೇ. ‘ಗ್ಲೌಸ್‌ಗೆ ಬೇರೆ, ಹತ್ತಿಗೆ ಬೇರೆ’ ಅಂತ ಚೀಟಿ ಕೊಟ್ಟರೆ ಅಲ್ಲೇ ಕೇಳಿ. ಮೂಳೆಗೆ ಹಾಕುವ ಪ್ಲೇಟ್, ರಾಡ್‌ನಂಥವಕ್ಕೆ ಮಾತ್ರ ಪ್ರತ್ಯೇಕ ಲೆಕ್ಕ. ಅದೂ ಇಎಸ್‌ಐ ಬಿಲ್‌ಗೇ ಹೋಗಬೇಕು.

ಈ ಎರವಲು ಪದ್ಧತಿ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಗಾಯಕ್ಕೆ ಡಾಕ್ಟರ್ ಫೀ ಕಟ್ಟೋದು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಪಟ್ಟಿ ನೋಡಿಕೊಂಡು. 2012ರಲ್ಲಿ ಕಾನೂನು ಮಾಡಿ, ಮೆಡಿಕೇರ್ ದರದ ಶೇ 120ರ ಆಸುಪಾಸಿಗೆ ಹಂತಹಂತವಾಗಿ ತಂದರು. ಕೆಲಸದ ಗಾಯ ಅಂದರೆ ರಿಪೋರ್ಟು, ಫಾರ್ಮು ಜಾಸ್ತಿ. ಮೂಲ ದರಕ್ಕಿಂತ ಸ್ವಲ್ಪ ಹೆಚ್ಚು ಕೊಡದಿದ್ದರೆ ಡಾಕ್ಟರ್‌ಗಳು ಈ ರೋಗಿಗಳನ್ನು ಮುಟ್ಟೋದೇ ಕಷ್ಟ. ನಮ್ಮಲ್ಲೂ ಈ ಯೋಚನೆ ಮಾಡಬಹುದಿತ್ತು ಅಂತ ನನಗನ್ನಿಸುತ್ತದೆ.

ತಿಂಗಳಿಗೆ 21,000ಕ್ಕಿಂತ ಜಾಸ್ತಿ ಸಂಬಳ ಇದ್ದು ಇಎಸ್‌ಐ ಇಲ್ಲದವರ ಕತೆ ಬೇರೆ. 1923ರ ನೌಕರರ ಪರಿಹಾರ ಕಾಯ್ದೆಗೆ 2009ರಲ್ಲಿ ಬಂದ ತಿದ್ದುಪಡಿ ಪ್ರಕಾರ, ಕೆಲಸದಲ್ಲಾದ ಗಾಯದ ಚಿಕಿತ್ಸೆಗೆ ನಿಜವಾಗಿ ಆದಷ್ಟು ಖರ್ಚನ್ನು ಮಾಲೀಕ ಕೊಡಬೇಕಿತ್ತು. 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಮಾತಿದೆ. ದರಪಟ್ಟಿಯ ಗೊಡವೆ ಇಲ್ಲ, ಕೇಳೋಕೆ ಚೆನ್ನ. ಆದರೆ ಎಷ್ಟೋ ಸಲ ಮೊದಲು ದುಡ್ಡು ಹೊಂದಿಸೋದು ಕಾರ್ಮಿಕನೇ. ಆಮೇಲೆ ಬಿಲ್ ಹಿಡಿದು ಅಲೆಯೋದೂ ಅವನೇ.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ರೆಫರಲ್ ಚೀಟಿಯ ಜೆರಾಕ್ಸ್ ಇಟ್ಟುಕೊಳ್ಳಿ. ದುಡ್ಡು ಕೇಳಿದರೆ ಯಾವುದಕ್ಕೆ ಎಂದು ಬರೆದುಕೊಡಿ ಅನ್ನಿ. ಬರೆದುಕೊಟ್ಟರೆ ಅದನ್ನು ರೆಫರ್ ಮಾಡಿದ ಇಎಸ್‌ಐ ಆಸ್ಪತ್ರೆಗೆ ದೂರಿನ ಜತೆ ಕೊಡಿ. ಈಗಾಗಲೇ ಕಟ್ಟಿದ್ದರೆ ರಸೀದಿ ಬಿಸಾಡಬೇಡಿ.