ಕೈಕಾಲು ಆಡಿದರೆ ಸಾಕೇ?

ಹುಬ್ಬಳ್ಳಿ ಕಡೆ ಯಾರಾದರೂ ಮಿದುಳಿನ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರೆ, ನೋಡಲು ಹೋದವರು ಹೇಳುವ ಮಾತು ಇದು: "ಕೈಕಾಲು ಆಡ್ತಾವಲ್ಲ, ಸಾಕು ಬಿಡ್ರಿ." ಸಮಾಧಾನದ ಮಾತು, ನಿಜ. ಆದರೆ ಅಷ್ಟಕ್ಕೇ ಸುಮ್ಮನಾದರೆ ಗಮನ, ನೆನಪು, ಯೋಚನೆಗೆ ಸಂಬಂಧಿಸಿದ ಒಂದು ದೊಡ್ಡ ತೊಂದರೆ ಕಣ್ತಪ್ಪಿ ಹೋಗುತ್ತದೆ.

ಮಿದುಳಿನ ರಕ್ತನಾಳಗಳು ಸಿಕ್ಕುಗಟ್ಟುವ ಒಂದು ಕಾಯಿಲೆ ಇದೆ. ಡಾಕ್ಟರರು ಎವಿಎಂ ಅನ್ನುತ್ತಾರೆ. ಸಾಮಾನ್ಯವಾಗಿ ರಕ್ತ ಅಪಧಮನಿಯಿಂದ ತೀರಾ ಸಣ್ಣ ಲೋಮನಾಳಗಳಿಗೆ ಇಳಿದು, ಅಲ್ಲಿ ಒತ್ತಡ ತಗ್ಗಿ, ಆಮೇಲೆ ಅಭಿಧಮನಿ ಸೇರುತ್ತದೆ. ಇಲ್ಲಿ ಆ ಲೋಮನಾಳಗಳೇ ಇಲ್ಲ. ಮಲಪ್ರಭಾ ಕಾಲುವೆಯ ನೀರು ತೂಬಿನ ತಡೆಯಿಲ್ಲದೆ ನೇರ ಹೊಲಗಾಲುವೆಗೆ ನುಗ್ಗಿದ ಹಾಗೆ. ಒಡೆದು ರಕ್ತಸ್ರಾವವಾಗುವ ಸಂಭವ ವರ್ಷಕ್ಕೆ ಸುಮಾರು ಶೇ 2ರಿಂದ 4. ಅದಕ್ಕೇ ಎಷ್ಟೋ ಜನರಿಗೆ ಆ ಸಿಕ್ಕನ್ನು ತೆಗೆಯುತ್ತಾರೆ.

ಆಪರೇಷನ್ ಎಷ್ಟು ಕಷ್ಟ ಎಂದು ಅಳೆಯಲು 1986ರಲ್ಲಿ ಸ್ಪೆಟ್ಜ್ಲರ್ ಮತ್ತು ಮಾರ್ಟಿನ್ ಒಂದು ಅಳತೆ ಕೊಟ್ಟರು. ಸಿಕ್ಕಿನ ಗಾತ್ರ, ಅದಿರುವ ಜಾಗ, ರಕ್ತ ಹೊರಹೋಗುವ ದಾರಿ, ಈ ಮೂರಕ್ಕೆ ಅಂಕ. ಮಾತು, ನೋಟ, ಕೈಕಾಲಿನ ಚಲನೆ ನೋಡಿಕೊಳ್ಳುವ ಜಾಗವಾದರೆ ಅಂಕ ಜಾಸ್ತಿ. ಹಣೆಯ ಹಿಂದಿನ ಭಾಗಕ್ಕೆ ಆ ಅಂಕವಿಲ್ಲ. ಗಮನ ಇಡುವುದು, ಕೆಲಸದ ಯೋಜನೆ ಹಾಕುವುದು, ಇವಕ್ಕೆಲ್ಲ ಆ ಭಾಗವೇ ಮುಖ್ಯ ಅಲ್ವಾ? ಅಂದರೆ, ಅಂಕ ಕಡಿಮೆ ಇದ್ದವರಿಗೂ ಇಂಥ ತೊಂದರೆ ಬರಬಹುದು.

ಆಪರೇಷನ್ ಆದವರು ಹುಬ್ಬಳ್ಳಿಯ ದುರ್ಗದ ಬೈಲ್ ಮಾರುಕಟ್ಟೆಯ ಅಂಗಡಿಕಾರರಾದರೆ ಇದು ಬೇಗ ಗೊತ್ತಾಗುತ್ತದೆ. ಇಬ್ಬರು ಗಿರಾಕಿಗಳು ಒಟ್ಟಿಗೆ ರೇಟು ಕೇಳಿದರೆ ಗೊಂದಲ. ಚಿಲ್ಲರೆ ಲೆಕ್ಕ ನಡುವೆಯೇ ತಪ್ಪುತ್ತದೆ. ಬೇಕಾದ ಪದ ಬಾಯಿಗೆ ಬರುವುದಿಲ್ಲ. ಮಧ್ಯಾಹ್ನಕ್ಕೇ ಸುಸ್ತು. ಮನೆಯವರು ಇದನ್ನು ಸೋಮಾರಿತನ ಅಂದುಕೊಂಡರೆ ಅದು ಅನ್ಯಾಯ.

ಎಲ್ಲವನ್ನೂ ಆಪರೇಷನ್ ಮೇಲೆ ಹಾಕುವುದೂ ಸರಿಯಲ್ಲ. ಹಿಂದೆ ಆದ ರಕ್ತಸ್ರಾವ ಮೊದಲೇ ಹಾನಿ ಮಾಡಿರಬಹುದು. ಕೆಲವು ಫಿಟ್ಸ್ ಮಾತ್ರೆಗಳಿಂದಲೂ ತಲೆ ಮಂದವಾಗುತ್ತದೆ. ಹಾಗಂತ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು, ಡಾಕ್ಟರರನ್ನು ಕೇಳಬೇಕು. ತುರ್ತು ಇಲ್ಲದಿದ್ದರೆ, ನೆನಪು ಮತ್ತು ಗಮನದ ಪರೀಕ್ಷೆಯನ್ನು ಆಪರೇಷನ್‌ಗೆ ಮೊದಲೇ ಒಮ್ಮೆ ಮಾಡಿಸಿ. ಕೆಲವು ತಿಂಗಳ ಮೇಲೆ ಮತ್ತೆ ಮಾಡಿಸಿದರೆ ಏನು ಬದಲಾಗಿದೆ ಎಂದು ತಿಳಿಯುತ್ತದೆ. ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಈ ಬಗ್ಗೆ ವಿಚಾರಿಸಬಹುದು.

ಬಹಳ ಜನ ತಿಂಗಳುಗಳಲ್ಲಿ ಸುಧಾರಿಸುತ್ತಾರೆ, ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಅಲ್ಲಿಯವರೆಗೆ ಒಂದು ಹೊತ್ತಿಗೆ ಒಂದೇ ಕೆಲಸ ಕೊಡಿ. ಹೇಳಿದ್ದನ್ನು ಬರೆದಿಡಿ. ಗಲ್ಲಾಪೆಟ್ಟಿಗೆಯನ್ನು ಸದ್ಯಕ್ಕೆ ಬೇರೆ ಯಾರಾದರೂ ನೋಡಿಕೊಳ್ಳಲಿ.