ಸಹಸ್ರಪದಿ ಕಚ್ಚುತ್ತಾ?

ಓದುಗರ ಪ್ರಶ್ನೆ: ಕಾಡಿನಲ್ಲಿ ನಡೆಯುವಾಗ ಬಿದ್ದ ಮರದ ಕೆಳಗೆ ಕಪ್ಪಗೆ, ಉದ್ದಕ್ಕೆ, ಮೈತುಂಬ ಕಾಲಿರುವ ಹುಳ ಸಿಕ್ಕಿತು. ಸಹಸ್ರಪದಿಯೋ ಜರಿಯೋ ಗೊತ್ತಾಗಲಿಲ್ಲ. ಗುರುತು ಹಿಡಿಯುವುದು ಹೇಗೆ? ಕಚ್ಚುತ್ತಾ?

ಮಳೆ ಶುರುವಾದರೆ ಸಾಕು, ಈ ಪ್ರಶ್ನೆಯೂ ಶುರುವಾಗುತ್ತದೆ. ಫೋಟೊ ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ಗುರುತು. ಹುಳವನ್ನು ಪಕ್ಕದಿಂದ ನೋಡಿ. ಮೈ ಉಂಗುರ ಉಂಗುರವಾಗಿ ಕಾಣುತ್ತದೆ. ನಡುವಿನ ಒಂದು ಉಂಗುರಕ್ಕೆ ಎರಡು ಜೊತೆ ಕಾಲಿದ್ದರೆ ಸಹಸ್ರಪದಿ, ಒಂದೇ ಜೊತೆ ಇದ್ದರೆ ಜರಿ. ನಡುವಿನದ್ದು ಅಂತ ಒತ್ತಿ ಹೇಳುತ್ತಿದ್ದೇನೆ. ಸಹಸ್ರಪದಿಯ ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲೇ ಇಲ್ಲ, ಆಮೇಲಿನ ಮೂರಕ್ಕೆ ಒಂದೊಂದೇ ಜೊತೆ. ಅಲ್ಲಿ ಎಣಿಸಿ "ಜರಿ" ಅಂತ ತೀರ್ಮಾನ ಮಾಡಿದವರು ಬಹಳ ಜನ.

ಅಷ್ಟು ಹತ್ತಿರ ಹೋಗಲು ಮನಸ್ಸಿಲ್ಲವಾ? ನಡಿಗೆ ನೋಡಿ. ಜರಿ ಬೆಳಕು ಬಿದ್ದ ಕೂಡಲೇ ಸರ್ರನೆ ಓಡಿ ಸಂದಿ ಸೇರುತ್ತದೆ. ಸಹಸ್ರಪದಿಗೆ ಅವಸರವಿಲ್ಲ. ಪೈರಿನ ಮೇಲೆ ಗಾಳಿ ಹಾದ ಹಾಗೆ ಕಾಲುಗಳು ಅಲೆ ಅಲೆಯಾಗಿ ಏಳುತ್ತವೆ, ಬೀಳುತ್ತವೆ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ. ಜರಿಗೆ ಉದ್ದನೆಯ ಮೀಸೆ. ಕೊನೆಯ ಜೊತೆ ಕಾಲು ಬಾಲದ ಹಾಗೆ ಹಿಂದಕ್ಕೆ ಚಾಚಿರುತ್ತದೆ.

ಇನ್ನು ಕಚ್ಚುವ ವಿಷಯ. ಸಹಸ್ರಪದಿ ಕಚ್ಚುವುದಿಲ್ಲ. "ನಮ್ಮವರಿಗೆ ಕಚ್ಚಿದೆ, ಕಲೆ ಇದೆ ನೋಡಿ" ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಲೆ ನಿಜ, ಉರಿಯೂ ನಿಜ. ಕಚ್ಚಿದ್ದು ಮಾತ್ರ ನಿಜವಲ್ಲ.

ಕಚ್ಚಿ ವಿಷ ಬಿಡಬೇಕಾದರೆ ಅದಕ್ಕೆ ತಕ್ಕ ಆಯುಧ ಬೇಕು. ಜರಿಗೆ ಅದಿದೆ. ಅದರ ಮೈಯ ಮೊದಲ ಜೊತೆ ಕಾಲುಗಳೇ ತಲೆಯ ಕೆಳಗೆ ವಿಷದ ಕೊಂಡಿಗಳಾಗಿ ಬದಲಾಗಿವೆ. ಜರಿ ಬೇಟೆ ಹಿಡಿದು ತಿನ್ನುವ ಪ್ರಾಣಿ. ಸಹಸ್ರಪದಿ ತಿನ್ನುವುದು ಹೆಚ್ಚಾಗಿ ಉದುರಿ ಕೊಳೆತ ಎಲೆ, ಮೆತ್ತಗಾದ ಮರ. ಅದರ ದವಡೆ ಇರುವುದು ಆ ಎಲೆಯನ್ನು ಕೆರೆದು ಜಗಿಯಲು. ವಿಷದ ಕೊಂಡಿಯೂ ಇಲ್ಲ, ಮುಳ್ಳೂ ಇಲ್ಲ.

ಹಾಗಾದರೆ ಕಲೆ ಎಲ್ಲಿಂದ ಬಂತು? ಹೆಚ್ಚಿನ ಸಹಸ್ರಪದಿಗಳ ಮೈಯ ಎರಡೂ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳ ಸಾಲಿದೆ. ಹೆದರಿದಾಗ ಅಲ್ಲಿಂದ ದ್ರವ ಒಸರುತ್ತದೆ. ಉದ್ದನೆಯ ಕೊಳವೆಯಂಥ ಜಾತಿಗಳಲ್ಲಿ ಅದು ಬೆಂಜೋಕ್ವಿನೋನ್ ಎಂಬ ರಾಸಾಯನಿಕ. ಚರ್ಮಕ್ಕೆ ತಾಗಿದರೆ ಬಣ್ಣ ಹಿಡಿಯುತ್ತದೆ. ನನ್ನ ಹೆಬ್ಬೆರಳಿಗೆ ಒಮ್ಮೆ ಹೀಗಾಗಿತ್ತು. ಮೊದಲು ಹಳದಿ, ಆಮೇಲೆ ಗಾಢ ಕಂದು, ಮೂಗಿಗೆ ಅಯೋಡಿನ್‌ನಂಥ ಘಾಟು. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗಲಿಲ್ಲ, ಮೇಲಿನ ಚರ್ಮ ಸವೆದ ಮೇಲೆಯೇ ಹೋಯಿತು. ಹುಳ ಬಟ್ಟೆಯೊಳಗೆ ಸೇರಿ ಜಜ್ಜಿಹೋದರೆ ಉರಿ, ಬೊಬ್ಬೆ ಕೂಡ ಬರಬಹುದು. ಅದನ್ನೇ ಜನ "ಕಚ್ಚಿತು" ಅನ್ನುತ್ತಾರೆ. ಅಕ್ಕಪಕ್ಕ ಎರಡು ಚುಚ್ಚಿದ ಗುರುತು, ಜೊತೆಗೆ ಜೋರು ನೋವು ಇದ್ದರೆ ಜರಿಯನ್ನು ಅನುಮಾನಿಸಿ, ಪಾಪದ ಸಹಸ್ರಪದಿಯನ್ನಲ್ಲ.

ಮುಟ್ಟಿದ ಮೇಲೆ ಕೈ ತೊಳೆಯಿರಿ, ಅಲ್ಲಿಯವರೆಗೆ ಕಣ್ಣು ಉಜ್ಜಬೇಡಿ. ಕೆಲವು ದೊಡ್ಡ ಜಾತಿಗಳು ದ್ರವವನ್ನು ಚಿಮ್ಮಿಸುತ್ತವೆ, ಹಾಗಾಗಿ ಮುಖದ ಹತ್ತಿರ ಹಿಡಿಯಬಾರದು. ಕಣ್ಣಿಗೆ ಬಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆದು ವೈದ್ಯರ ಹತ್ತಿರ ಹೋಗಿ. ಇದೇ ದ್ರವವನ್ನು ವೆನೆಜುವೆಲಾದ ಕಪುಚಿನ್ ಕೋತಿಗಳು ಮಳೆಗಾಲದಲ್ಲಿ ಬೇಕಂತಲೇ ಮೈಗೆ ಉಜ್ಜಿಕೊಳ್ಳುತ್ತವೆ. ಅದು ಸೊಳ್ಳೆಯನ್ನು ದೂರವಿಡುತ್ತದೆ.

ಹುಡುಕಲು ಮಳೆ ನಿಂತ ಮೇಲಿನ ಹೊತ್ತು ಒಳ್ಳೆಯದು. ರಾತ್ರಿ ಟಾರ್ಚ್ ಹಿಡಿದು ಹೋದರೆ ಇನ್ನೂ ಜಾಸ್ತಿ ಸಿಗುತ್ತವೆ. ಒದ್ದೆ ಎಲೆರಾಶಿ, ಸಡಿಲವಾದ ತೊಗಟೆ, ಕಲ್ಲಿನ ಅಡಿ ನೋಡಿ. ದಿಮ್ಮಿಯನ್ನು ಯಾವಾಗಲೂ ನಿಮ್ಮ ಕಡೆಗೆ ಉರುಳಿಸಿ. ಹಾವಿದ್ದರೆ ನಿಮಗೂ ಅದಕ್ಕೂ ನಡುವೆ ದಿಮ್ಮಿ ಇರುತ್ತದೆ. ನೋಡಿದ ಮೇಲೆ ಇದ್ದ ಹಾಗೆಯೇ ಮುಚ್ಚಿಡಿ. ಮರೆತು ಬಂದರೆ ಅಡಿಯಲ್ಲಿದ್ದ ಜೀವಗಳೆಲ್ಲ ಒಣಗಿ ಸಾಯುತ್ತವೆ.

ಸಿಕ್ಕಿದ್ದೆಲ್ಲ ಕೊಳವೆಯ ಹಾಗೇ ಇರಬೇಕೆಂದಿಲ್ಲ. ಮೈ ಚಪ್ಪಟೆಯಾಗಿ, ಅಂಚು ರೆಕ್ಕೆಯ ಹಾಗೆ ಚಾಚಿ, ಸಾಮಾನ್ಯವಾಗಿ 20 ಉಂಗುರ ಇರುವ ಗುಂಪೊಂದಿದೆ. ಅವಕ್ಕೆ ಕಣ್ಣಿಲ್ಲ. ಅವುಗಳ ದ್ರವದಲ್ಲಿ ಸಯನೈಡ್ ಇರುತ್ತದೆ, ಕಹಿ ಬಾದಾಮಿಯ ವಾಸನೆ ಬರುತ್ತದೆ. ನಮಗೆ ಅಪಾಯವಾಗುವಷ್ಟಲ್ಲ, ಆದರೆ ಬೇರೆ ಹುಳಗಳ ಜೊತೆ ಒಂದೇ ಡಬ್ಬಿಯಲ್ಲಿ ಮುಚ್ಚಿಡಬೇಡಿ. ಇನ್ನೊಂದು ಗುಂಪು ಮುಟ್ಟಿದರೆ ಗೋಲಿಯಾಗುತ್ತದೆ. ಗೋಲಿಯಾಗುವ ಇನ್ನೊಂದು ಜೀವಿಯೂ ಇದೆ, ಅದಕ್ಕೆ ಏಳೇ ಜೊತೆ ಕಾಲು, ಅದು ಏಡಿ ಸಿಗಡಿಗಳ ನೆಂಟ. ನಿಖರವಾದ ಜಾತಿ ಹೇಳಿ ಅಂತ ಫೋಟೊ ಕಳಿಸಬೇಡಿ. ಅದಕ್ಕೆ ಹೆಚ್ಚಾಗಿ ಗಂಡು ಹುಳದ ಏಳನೇ ಉಂಗುರದಲ್ಲಿ ಕೂಡುವುದಕ್ಕೆಂದು ರೂಪ ಬದಲಾದ ಕಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಕಾಲು ಎಣಿಸಿ ಜಾತಿ ಹೇಳೋಣ ಅಂದರೆ ಅದೂ ಆಗದು. ಮೊಟ್ಟೆಯಿಂದ ಹೊರಬಂದ ಮರಿಗೆ ಸಾಮಾನ್ಯವಾಗಿ ಮೂರೇ ಜೊತೆ ಕಾಲು. ಪೊರೆ ಕಳಚಿದಾಗಲೆಲ್ಲ ಹೊಸ ಉಂಗುರ, ಹೊಸ ಕಾಲು ಸೇರುತ್ತಾ ಹೋಗುತ್ತವೆ. ಹಾಗೆ ಸೇರಿ ಸೇರಿಯೂ ಸಾವಿರ ದಾಟಿದ ಜಾತಿ ಬಹುಕಾಲ ಸಿಕ್ಕಿರಲೇ ಇಲ್ಲ, 750 ಕಾಲೇ ದಾಖಲೆಯಾಗಿತ್ತು. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಒಂದು ಕೊಳವೆ ರಂಧ್ರದಲ್ಲಿ, 60 ಮೀಟರ್ ಆಳದಿಂದ ಸಿಕ್ಕ ಯೂಮಿಲಿಪಿಸ್ ಪರ್ಸೆಫೊನಿಯ ವಿವರ ಪ್ರಕಟವಾಯಿತು. ದಾರದಷ್ಟು ತೆಳು, ಕಣ್ಣಿಲ್ಲ, 1,306 ಕಾಲು!

ಪೊರೆಯ ಮಾತು ಬಂತಲ್ಲ, ಯಾರೂ ಕೇಳದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೆಚ್ಚಿನ ಸಹಸ್ರಪದಿಗಳ ಹೊರಕವಚ ಗಟ್ಟಿಯಾಗುವುದು ಸುಣ್ಣದ ಅಂಶದಿಂದ. ಅದನ್ನು ಕೂಡಿಸುವುದು ಸುಲಭವಲ್ಲ, ಹಾಗಾಗಿ ಎಷ್ಟೋ ಜಾತಿಗಳು ಕಳಚಿದ ಪೊರೆಯನ್ನೂ ತಿಂದುಬಿಡುತ್ತವೆ. ಹುಳ ಸತ್ತ ಮೇಲೆ ಬಣ್ಣ ಹೋಗಿ ಸುಣ್ಣ ಉಳಿಯುತ್ತದೆ. ಎಲೆರಾಶಿಯಲ್ಲಿ ಬಳೆಚೂರಿನ ಹಾಗೆ ಬಿದ್ದಿರುವ ಬಿಳಿ ಉಂಗುರಗಳು ಅವೇ. ಒಂದನ್ನು ಅಂಗೈಯಲ್ಲಿಟ್ಟು ಭೂತಗನ್ನಡಿ ಹಿಡಿದು ನೋಡಿ. ಪಕ್ಕದಲ್ಲಿ ಸೂಜಿ ಚುಚ್ಚಿದಂಥ ಒಂದು ತೂತು ಕಾಣುತ್ತದೆ. ನನ್ನ ಹೆಬ್ಬೆರಳಿಗೆ ಬಣ್ಣ ಹಚ್ಚಿದ ದ್ರವ ಹೊರಗೆ ಬಂದದ್ದು ಅಂಥ ತೂತಿನಿಂದಲೇ.