ಬ್ಯಾಟರಿಗೆ ಕುಡಿಯೋ ನೀರು ಹಾಕಬೇಡ್ರಿ

ಪದೇ ಪದೇ ಕರೆಂಟ್ ಹೋಗಿ ಇನ್ವರ್ಟರ್ ಬ್ಯಾಟರಿ ಕೆಡುತ್ತದೆ ಎಂದು ನಮ್ಮ ಕಲಬುರಗಿಯಲ್ಲಿ ಬಹಳ ಮಂದಿ ನಂಬಿದ್ದಾರೆ. ರಿಪೇರಿಗೆ ಹೋದಾಗ ನನಗೆ ಸಿಗುವ ಕಾರಣಗಳೇ ಬೇರೆ: ಸೆಕೆ, ನೀರು, ಚಾರ್ಜಿಂಗ್ ಸೆಟ್ಟಿಂಗ್.

ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರೆ ಒಳಗಿನ ಸೀಸದ ಪ್ಲೇಟಿನ ತಲೆ ಒಣಗಿರುತ್ತದೆ. ಕೇಳಿದರೆ, "ನೀರು ಹಾಕೀವ್ರಿ, ಕುಡಿಯೋ ಕ್ಯಾನ್ ನೀರೇ ಹಾಕೀವಿ" ಎನ್ನುತ್ತಾರೆ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಬೋರ್ ನೀರಿನ ಮಾತಂತೂ ಬೇಡವೇ ಬೇಡ. ಕಬ್ಬಿಣದ ಅಂಶ ಸೇರಿದರೆ ಬ್ಯಾಟರಿ ಕೂತಲ್ಲೇ ಚಾರ್ಜ್ ಕಳೆದುಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಒಂದೇ ಹಾಕಿ. ಕಮ್ಮಿಯಾಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಹಾಗಾಗಿ ಆಸಿಡ್ ಸೇರಿಸಲೇಬಾರದು. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಆದ್ದರಿಂದ ಪೂರ್ತಿ ಚಾರ್ಜ್ ಆದ ಮೇಲೆಯೇ ಗುರುತಿನವರೆಗೆ ತುಂಬಿ. ಪ್ಲೇಟ್ ಬಯಲಾಗಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ.

ಬ್ಯಾಟರಿಯ ಆಯುಷ್ಯ ಲೆಕ್ಕ ಹಾಕುವುದು ಸುಮಾರು 25 ಡಿಗ್ರಿಯಲ್ಲಿ. ಅದರ ಮೇಲೆ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ನಮ್ಮ ಮೇ ತಿಂಗಳಲ್ಲಿ 40 ದಾಟುತ್ತದೆ. ಮಾಳಿಗೆಯ ತಗಡಿನ ಕೆಳಗೆ ಇಟ್ಟರೆ ಕೇಳಬೇಕೆ? ಸೆಕೆಯಲ್ಲಿ ಚಾರ್ಜಿಂಗ್ ವೋಲ್ಟೇಜ್ ಇಳಿಸಬೇಕು, 12 ವೋಲ್ಟ್ ಬ್ಯಾಟರಿಗೆ 25ರ ಮೇಲಿನ ಪ್ರತಿ ಡಿಗ್ರಿಗೆ ಸುಮಾರು 0.018 ವೋಲ್ಟ್‌ನಂತೆ. 40 ಡಿಗ್ರಿಯಲ್ಲಿ ಇಳಿಸಬೇಕಾದದ್ದು ಕಾಲು ವೋಲ್ಟ್ ದಾಟುತ್ತದೆ. ಎಷ್ಟೋ ಇನ್ವರ್ಟರ್‌ಗಳು ತಾವಾಗಿ ಇಳಿಸುವುದಿಲ್ಲ. ಹಿಂಬದಿಯಲ್ಲಿ ಟ್ಯೂಬುಲರ್ (ನೀರು ಹಾಕುವ ಬ್ಯಾಟರಿ), ಎಸ್‌ಎಮ್‌ಎಫ್ (ನೀರು ಹಾಕಬೇಕಿಲ್ಲದ, ಸೀಲ್ ಆದ ಬ್ಯಾಟರಿ) ಎಂಬ ಸ್ವಿಚ್ ಇದ್ದರೆ ನಿಮ್ಮ ಬ್ಯಾಟರಿಗೆ ಹೊಂದುವಂತಿದೆಯೇ ನೋಡಿ. ಸೀಲ್ ಆದ ಬ್ಯಾಟರಿಯನ್ನು ಟ್ಯೂಬುಲರ್ ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಾಡಿದರೆ ಉಬ್ಬಿಕೊಳ್ಳಬಹುದು.

ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಒಂದು ಕಿಡಿ ಸಾಕು. ಮೆಟ್ಟಿಲ ಕೆಳಗಿನ ಬಾಗಿಲು ಹಾಕಿದ ಕಪಾಟು ಬೇಡ, ದೇವರ ದೀಪದ ಪಕ್ಕವೂ ಬೇಡ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಓವರ್‌ಚಾರ್ಜ್ ಆಗುತ್ತಿದೆ ಎಂದೇ ತಿಳಿಯಿರಿ. ಇನ್ವರ್ಟರ್‌ಗೆ ಬರುವ ಮೇನ್ಸ್ ಬಂದ್ ಮಾಡಿ, ಕಿಟಕಿ ತೆರೆದು ಆಚೆ ಹೋಗಿ. ಆ ಹೊತ್ತಿನಲ್ಲಿ ಟರ್ಮಿನಲ್ ಮುಟ್ಟಿ ಕಿಡಿ ಹಾರಿಸಬೇಡಿ. ಬೇರೆ ದಿನ ಟರ್ಮಿನಲ್ ಒರೆಸುವುದಿದ್ದರೂ ಮೊದಲು ನೆಗೆಟಿವ್ ಬಿಚ್ಚಿ.

ಬ್ಯಾಟರಿ ಕೆಳಗೆ ಪ್ಲಾಸ್ಟಿಕ್ ಟ್ರೇ ಇರಲಿ. ನಮ್ಮ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು. ಆಸಿಡ್ ಹನಿ ಬಿದ್ದರೆ ಬುಸುಬುಸು ನೊರೆಯೆದ್ದು ಬಿಳಿ ಕಲೆ ಉಳಿಯುತ್ತದೆ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನಲ್ಲಿ ನೀರು ಬಿಟ್ಟು ತೊಳೆದು, ತಕ್ಷಣ ದವಾಖಾನೆಗೆ ಹೋಗಿ.